ಡಿಕ್ಕಿ ನಡುಗಿಸಿದ ದಕ್ಷಿಣ

ಹಾಡಿನ ಮಿಕ್ಸ್ ಮುಗಿದ ಮೇಲೆ ನಾನು ಸ್ಟುಡಿಯೋದಿಂದ ಎದ್ದು ಕಾರಿಗೆ ಹೋಗುತ್ತೇನೆ. ದುಬಾರಿ ಸ್ಪೀಕರಿನಲ್ಲಿ ಚೆನ್ನಾಗಿ ಕೇಳಿದ್ದು ಕಾರಿನಲ್ಲಿ ಎಷ್ಟೋ ಸಲ ಕೈ ಕೊಡುತ್ತದೆ. ಬಾಸ್, ಅಂದರೆ ಹಾಡಿನ ತಗ್ಗಿನ ದನಿ, ಒಂದೋ ಮಾಯವಾಗಿರುತ್ತದೆ, ಇಲ್ಲವೇ ಹಾಡನ್ನೇ ನುಂಗಿರುತ್ತದೆ. ಆಗ ಕಿವಿ ಹದಕ್ಕೆ ಬರಲಿ ಅಂತ ಒಂದು ಹಳೆಯ ಆಲ್ಬಮ್ ಹಾಕುತ್ತೇನೆ. ಯುಜಿಕೆ ಎಂಬ ರ‍್ಯಾಪ್ ಜೋಡಿಯ 'ರೈಡಿನ್ ಡರ್ಟಿ', 1996ರದ್ದು. ಊರು ಟೆಕ್ಸಾಸ್ ರಾಜ್ಯದ ಪೋರ್ಟ್ ಆರ್ಥರ್. ಎಣ್ಣೆ ಸಂಸ್ಕರಣಾಗಾರಗಳ ಊರು.

ಅಮೆರಿಕದ ದಕ್ಷಿಣದ ರ‍್ಯಾಪ್ ಕೇಳದವರಿಗೆ ಮೊದಲು ಒಂದು ಮಾತು. ನ್ಯೂಯಾರ್ಕಿನ ರ‍್ಯಾಪ್ ಹುಟ್ಟಿದ್ದು ಕಾಲ್ನಡಿಗೆಯ, ರೈಲಿನ ಊರಿನಲ್ಲಿ. ಹ್ಯೂಸ್ಟನ್, ಅಟ್ಲಾಂಟಾ, ಮೆಂಫಿಸ್ ಹಾಗಲ್ಲ. ಅಲ್ಲಿ ಊರು ಉದ್ದಗಲ ಹರಡಿಕೊಂಡಿದೆ, ಹಾಲು ತರೋಕೂ ಕಾರು ಬೇಕು. ಹುಡುಗರು ಡಿಕ್ಕಿಯೊಳಗೆ ದೊಡ್ಡ ಸಬ್‌ವೂಫರ್ ಕೂರಿಸಿ ನಿಧಾನಕ್ಕೆ ಬೀದಿ ಸುತ್ತುತ್ತಿದ್ದರು. ಹಾಡು ಮಾಡುವವರು ಅದೇ ಕಾರಿನ ಡಿಕ್ಕಿಯಲ್ಲಿ ಕ್ಯಾಸೆಟ್ ತುಂಬಿಕೊಂಡು ಮಾರುತ್ತಿದ್ದರು. ಹಾಗಾಗಿ ಸಂಗೀತವೂ ಕಾರಿಗೆ ತಕ್ಕಂತೆ ಬದಲಾಯಿತು. ವೇಗ ಇಳಿಯಿತು, ಬಾಸ್ ಇನ್ನೂ ಕೆಳಗೆ ಹೋಯಿತು.

ಆ ಬಾಸಿನ ಹಿಂದೆ ಒಂದು ಪೆಟ್ಟಿಗೆ ಇದೆ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಹೊರತಂದ ಟಿಆರ್-808 ಡ್ರಮ್ ಯಂತ್ರ. 1983ಕ್ಕೆ ಅದರ ತಯಾರಿಕೆಯೇ ನಿಂತಿತು. ನಿಜವಾದ ಡ್ರಮ್ಮಿನ ಹಾಗೆ ಕೇಳುವುದಿಲ್ಲ ಅನ್ನುವ ದೂರು ಇತ್ತು. ಆದರೆ ಅದರ ದೊಡ್ಡ ಡ್ರಮ್ಮಿನ ದನಿಗೆ ಒಂದು ಗುಣವಿತ್ತು. ಒಂದು ಗುಂಡಿ ತಿರುಗಿಸಿದರೆ ಪೆಟ್ಟು ಬಿದ್ದ ಮೇಲೂ ದನಿ ಉಳಿಯುತ್ತಿತ್ತು, ದೇವಸ್ಥಾನದ ಗಂಟೆಯ ಹಾಗೆ. ಸೆಕೆಂಡಿಗೆ ಸುಮಾರು 50 ಕಂಪನದ, ಅಂದರೆ 50 ಹರ್ಟ್ಜ್‌ನ ಶುದ್ಧ ಗುಂಯ್‌. ಮಯಾಮಿಯ ಡಿಜೆಗಳು ಇದನ್ನು ಬೇಗ ಹಿಡಿದುಕೊಂಡರು. ಆಮೇಲೆ ಇಡೀ ದಕ್ಷಿಣಕ್ಕೆ ಅದು ಹಬ್ಬಿತು. ಮುಚ್ಚಿದ ಕಾರು ಇಂಥ ಕೆಳಗಿನ ದನಿಯನ್ನು ತಾನೇ ಹೆಚ್ಚಿಸಿಕೊಡುತ್ತದೆ. ಯಂತ್ರಕ್ಕೂ ಕಾರಿಗೂ ಹೇಳಿ ಮಾಡಿಸಿದ ಜೋಡಿ.

ಮೊಬೈಲಿನಲ್ಲಿ ಮಾತ್ರ ಇದು ಸಿಗುವುದಿಲ್ಲ. ಅಷ್ಟು ಪುಟ್ಟ ಸ್ಪೀಕರಿಗೆ 50 ಹರ್ಟ್ಜ್ ನುಡಿಸುವ ಶಕ್ತಿಯೇ ಇಲ್ಲ. ಅದಕ್ಕೆ ನಾವು ಮಿಕ್ಸ್ ಮಾಡುವವರು ಆ ದನಿಯನ್ನು ಬೇಕೆಂದೇ ಸ್ವಲ್ಪ ಒರಟು ಮಾಡುತ್ತೇವೆ. ಆಗ 100, 150, 200 ಹರ್ಟ್ಜ್‌ನಲ್ಲಿ ಅದರ ಮರಿಗಳು ಹುಟ್ಟುತ್ತವೆ. ಮರಿಗಳನ್ನು ಕೇಳಿ ಕಿವಿಯೇ ತಾಯಿಯನ್ನು ಊಹಿಸಿಕೊಳ್ಳುತ್ತದೆ. ನನ್ನ ಕೆಲಸದಲ್ಲಿ ಇವತ್ತಿಗೂ ಬೆರಗು ಹುಟ್ಟಿಸುವ ಸಂಗತಿ ಇದು.

'ರೈಡಿನ್ ಡರ್ಟಿ'ಗೆ ವಾಪಸ್ ಬರೋಣ. ಅದರಲ್ಲಿ ಬರೀ ಯಂತ್ರವಿಲ್ಲ. ಚರ್ಚಿನ ಆರ್ಗನ್ ಇದೆ, ಬ್ಲೂಸ್ ಗಿಟಾರ್ ಇದೆ, ಬೆರಳಿನಲ್ಲಿ ನುಡಿಸಿದ ಬಾಸ್ ಇದೆ. ಜೋಡಿಯಲ್ಲಿ ಒಬ್ಬನಾದ ಪಿಂಪ್ ಸಿ ತಾನೇ ಸಂಗೀತ ಕಟ್ಟುತ್ತಿದ್ದ. ತಮ್ಮದು ಹಳ್ಳಿ ಕಡೆಯ ರ‍್ಯಾಪ್ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಇನ್ನೊಬ್ಬನಾದ ಬನ್ ಬಿಯ ದನಿ ದಪ್ಪ, ಪಿಂಪ್ ಸಿಯದು ತೆಳ್ಳಗೆ, ಮೂಗಿನಿಂದ ಬರುವಂಥದ್ದು. ಮಿಕ್ಸ್‌ನಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುವುದೇ ಇಲ್ಲ. ಬಾಸ್ ಎಷ್ಟು ದೊಡ್ಡದಿದ್ದರೂ ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳುತ್ತದೆ. ಅಷ್ಟು ಜಾಗ ಬಿಟ್ಟು ಕಟ್ಟುವುದು ತುಂಬಾ ಕಷ್ಟ.

ಹ್ಯೂಸ್ಟನ್ನಿನ ಡಿಜೆ ಸ್ಕ್ರೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಎರಡು ರೆಕಾರ್ಡ್ ಪ್ಲೇಯರ್‌ಗಳಲ್ಲಿ ಒಂದೇ ರೆಕಾರ್ಡು ಇಟ್ಟು, ಒಂದನ್ನು ತುಸು ಹಿಂದೆ ಓಡಿಸಿ, ಪದಗಳನ್ನು ಕತ್ತರಿಸಿ ಮತ್ತೆ ಮತ್ತೆ ನುಡಿಸುತ್ತಿದ್ದ. ಆಮೇಲೆ ಇಡೀ ಟೇಪನ್ನೇ ನಿಧಾನ ಮಾಡುತ್ತಿದ್ದ. ಟೇಪಿನ ವೇಗ ಇಳಿದರೆ ಶ್ರುತಿಯೂ ಇಳಿಯುತ್ತದೆ. ವೇಗವನ್ನು ನೂರಕ್ಕೆ 16ರಷ್ಟು ತಗ್ಗಿಸಿದರೆ ಹಾಡು ಹಾರ್ಮೋನಿಯಂನಲ್ಲಿ ಮೂರು ಮನೆ ಕೆಳಗೆ ಬರುತ್ತದೆ. 50 ಹರ್ಟ್ಜ್ ಬಾಸ್ 42ಕ್ಕೆ ಇಳಿಯುತ್ತದೆ. ಹಾಡುವವನ ಉಸಿರು, ನಾಲಗೆ ತಿರುಗುವ ಸದ್ದು, ಎಲ್ಲವೂ ದೊಡ್ಡದಾಗಿ ಕೇಳುತ್ತವೆ. '3 ಇನ್ ದ ಮಾರ್ನಿನ್' ಆಲ್ಬಮ್ಮಿನ ಎರಡನೇ ಭಾಗವನ್ನು ರಾತ್ರಿ, ಒಬ್ಬರೇ, ನಿಧಾನಕ್ಕೆ ಗಾಡಿ ಓಡಿಸುತ್ತಾ ಕೇಳಿ. ಸ್ಕ್ರೂ 2000ದ ನವೆಂಬರಿನಲ್ಲಿ ತೀರಿಕೊಂಡ. ಆಗ ಅವನಿಗೆ ಬರೀ 29 ವರ್ಷ. ಈಗ ರೀಲ್ಸ್ ತೆರೆದರೆ ನಿಧಾನ ಮಾಡಿದ ಹಾಡುಗಳದ್ದೇ ಸಾಲು, ಅಲ್ವಾ? ಆ ಕಿವಿ ನಮಗೆ ಬಂದದ್ದು ಅವನಿಂದ.

ಆ ಊರಿನ ಗಾಳಿ ಬೆಂಗಳೂರಿಗೂ ಬೀಸಿದೆ. ಕೇರಳದಲ್ಲಿ ಹುಟ್ಟಿ, ಹ್ಯೂಸ್ಟನ್ನಿನಲ್ಲಿ ಬೆಳೆದ ಹನುಮಾನ್‌ಕೈಂಡ್ ಬೆಂಗಳೂರಿಗೆ ಬಂದು ರ‍್ಯಾಪ್ ಮಾಡಿದವನು. ಅವನ 2024ರ 'ಬಿಗ್ ಡಾಗ್ಸ್' ಜಗತ್ತೆಲ್ಲ ಸುತ್ತಿತು. ಅದರ ಬಾಸ್ ಕೇಳಿದಾಗ ನನಗೆ ಮೊದಲು ನೆನಪಾದದ್ದು ಟೆಕ್ಸಾಸಿನ ರಸ್ತೆಗಳು.

ಬಾಸ್ ಬಗ್ಗೆ ಜಾಸ್ತಿ ಹೇಳಿದೆ. ಆದರೆ ಈ ಆಲ್ಬಮ್‌ಗಳು ನನಗೆ ದೊಡ್ಡವು ಅನ್ನಿಸುವುದು ಮಾತಿನಿಂದ.

1995ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ 'ಸೋರ್ಸ್' ಎಂಬ ರ‍್ಯಾಪ್ ಪತ್ರಿಕೆಯ ಪ್ರಶಸ್ತಿ ಸಮಾರಂಭ. ಅಟ್ಲಾಂಟಾದ ಔಟ್‌ಕಾಸ್ಟ್ ಹೊಸ ತಂಡದ ಪ್ರಶಸ್ತಿ ಗೆದ್ದಿತು. ಸಭೆ ಅವರನ್ನು ಕೂಗಿ ಹಳಿಯಿತು. ತಂಡದ ಆಂಡ್ರೆ ಮೈಕಿನಲ್ಲಿ ಒಂದೇ ಮಾತು ಹೇಳಿದ, ದಕ್ಷಿಣಕ್ಕೂ ಹೇಳೋದಿದೆ ಅಂತ. ಆಗ ಅವನಿಗೆ ಇಪ್ಪತ್ತರ ವಯಸ್ಸು. ಎಳೆದು ಮಾತಾಡುವ ದಕ್ಷಿಣದವರು ಮಂಕರು ಅನ್ನುವ ಭಾವನೆ ಅವತ್ತು ಉತ್ತರದಲ್ಲಿ ಗಟ್ಟಿಯಾಗಿತ್ತು. ಅದೇ ವರ್ಷ ಅವರ ಗೆಳೆಯರಾದ ಗೂಡಿ ಮಾಬ್ ತಂಡದ 'ಸೋಲ್ ಫುಡ್' ಬಂತು. ಎರಡೂ ತಂಡಗಳಿಗೆ ಸಂಗೀತ ಕೊಟ್ಟ ಆರ್ಗನೈಸ್ಡ್ ನಾಯ್ಸ್ ಬಳಗ ಕೆಲಸ ಮಾಡುತ್ತಿದ್ದದ್ದು ರಿಕೊ ವೇಡ್‌ನ ತಾಯಿಯ ಮನೆಯ ನೆಲಮಾಳಿಗೆಯಲ್ಲಿ. ಮಣ್ಣಿನ ನೆಲ. ಅದನ್ನು ಡಂಜನ್ ಅಂತ ಕರೆಯುತ್ತಿದ್ದರು.

ಮೂರು ವರ್ಷ ಬಿಟ್ಟು ಔಟ್‌ಕಾಸ್ಟ್ 'ಅಕ್ವೆಮಿನೈ' ಕೊಟ್ಟಿತು. ಅವರನ್ನು ಹಳಿದ ಸಭೆ ನಡೆಸಿದ ಅದೇ 'ಸೋರ್ಸ್' ಪತ್ರಿಕೆ ಅದಕ್ಕೆ ಐದಕ್ಕೆ ಐದು ಮೈಕ್, ಅಂದರೆ ಪೂರ್ತಿ ಅಂಕ, ಕೊಟ್ಟಿತು. 'ರೋಸಾ ಪಾರ್ಕ್ಸ್' ಹಾಡಿನ ನಡುವೆ ಚಪ್ಪಾಳೆ, ಕಾಲು ಕುಟ್ಟುವ ಸದ್ದಿನ ಜೊತೆ ಒಂದು ಹಾರ್ಮೋನಿಕಾ ಬರುತ್ತದೆ. ನುಡಿಸಿದವರು ಆಂಡ್ರೆಯ ಮಲತಂದೆ, ಒಬ್ಬ ಪಾದ್ರಿ. ಯಾವ ಸಿಟಿ ಹುಡುಗನೂ ರ‍್ಯಾಪಿನಲ್ಲಿ ಇಡಲು ನಾಚುತ್ತಿದ್ದ ಸದ್ದನ್ನು ಔಟ್‌ಕಾಸ್ಟ್‌ನವರು ಹಾಡಿನ ನಡುಮಧ್ಯೆ ಇಟ್ಟರು.

ಹ್ಯೂಸ್ಟನ್ನಿನ ಸ್ಕಾರ್‌ಫೇಸ್‌ನ 'ದ ಡೈರಿ', ಮೆಂಫಿಸಿನ ತ್ರೀ ಸಿಕ್ಸ್ ಮಾಫಿಯಾದ 'ಮಿಸ್ಟಿಕ್ ಸ್ಟೈಲ್ಜ್' ಕೂಡ ಕೇಳಲೇಬೇಕು. ಇವುಗಳಲ್ಲಿ ರಕ್ತ ಇದೆ, ಹೆಂಗಸರ ಬಗ್ಗೆ ಕೆಟ್ಟ ಮಾತು ಇದೆ. ಅದನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಮಕ್ಕಳ ಮುಂದೆ ಹಾಕುವುದೂ ಇಲ್ಲ.

ಕೊನೆಯದು ನ್ಯೂ ಆರ್ಲಿಯನ್ಸಿನ ಜುವೆನೈಲ್‌ನ '400 ಡಿಗ್ರೀಸ್', 1998. ಸಂಗೀತ ಮ್ಯಾನಿ ಫ್ರೆಶ್‌ನದು. ಅದರಲ್ಲಿ 'ಹಾ' ಎಂಬ ಹಾಡಿದೆ. ಸಾಲು ಸಾಲಿನ ಕೊನೆಗೂ ಒಂದು 'ಹಾ'. ಅರ್ಥ ಏನು ಅಂದರೆ ನಮ್ಮ 'ಅಲ್ವಾ' ಇದೆಯಲ್ಲ, ಅದೇ. ನೀನು ಹೀಗೆ ಮಾಡ್ತೀಯ, ಅಲ್ವಾ? ನಿನ್ನ ಬದುಕು ಹೀಗಿದೆ, ಅಲ್ವಾ? ಬಡ ಕೇರಿಯ ಹುಡುಗನನ್ನು ಎದುರು ಕೂರಿಸಿಕೊಂಡು ಮಾತಾಡಿದ ಹಾಗೆ. ಪ್ರಾಸಕ್ಕೆ ಪದ ಹುಡುಕಲಿಲ್ಲ, ಕೇರಿಯ ಬಾಯಲ್ಲಿದ್ದ ಸದ್ದನ್ನೇ ಪ್ರಾಸ ಮಾಡಿಕೊಂಡ. ಮುಂದೆ ನ್ಯೂಯಾರ್ಕಿನ ಜೇ-ಝೀಯೇ ಆ ಹಾಡಿನ ರಿಮಿಕ್ಸಿಗೆ ದನಿ ಕೊಟ್ಟ.

ಸ್ವಲ್ಪ ದಿನದ ಹಿಂದೆ ಧಾರವಾಡ ಕಡೆಯ ಹುಡುಗನೊಬ್ಬ ರೆಕಾರ್ಡಿಂಗಿಗೆ ಬಂದಿದ್ದ. ಮೈಕ್ ಮುಂದೆ ಬೆಂಗಳೂರು ಕನ್ನಡ. ಪ್ರತಿ ಟೇಕೂ ಬಿಗಿ, ಉಸಿರು ಸಾಲುತ್ತಿರಲಿಲ್ಲ. ಟೀ ಹೊತ್ತಿನಲ್ಲಿ ಅವನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದ್ದು ಕೇಳಿಸಿತು. ಎಂಥ ಲಯ ಆ ಮಾತಿನಲ್ಲಿ! ಏನೂ ಹೇಳದೆ ಸುಮ್ನೆ ಅವನಿಗೆ 'ಹಾ' ಹಾಕಿದೆ. ಎರಡು ಸಲ ಕೇಳಿದ. ಒಳಗೆ ಹೋಗಿ ಮೂರನೇ ಸಾಲಿನ ಕೊನೆಗೆ 'ಹೌದಿಲ್ಲೋ' ಅಂತ ಎಳೆದ. ಆ ಟೇಕನ್ನೇ ಇಟ್ಟುಕೊಂಡಿದ್ದೇವೆ. ಬಾಸ್ ಇನ್ನೂ ಸರಿಯಾಗಿ ಕೂತಿಲ್ಲ, ಇವತ್ತು ರಾತ್ರಿ ಕಾರಿನಲ್ಲಿ ಕೇಳಿ ನೋಡಬೇಕು.