ಕ್ರೂಸ್ ಹಡಗಿಗೆ ನಮ್ಮದೇ ಬಾಟಲಿ, ನಮ್ಮದೇ ಕಾಫಿ ಒಯ್ಯಬಹುದೇ?

ಪ್ರಶ್ನೆ: ಮೈಸೂರಿನಿಂದ ನಾಲ್ಕು ಜನ ದೊಡ್ಡವರು ಸಿಂಗಪುರಕ್ಕೆ ಹೋಗಿ, ಅಲ್ಲಿಂದ ನಾಲ್ಕು ರಾತ್ರಿಯ ಕ್ರೂಸ್ ಹತ್ತುತ್ತಿದ್ದೇವೆ. ಹಡಗಿನ ಬಾರ್ ದುಬಾರಿ ಅಂತಾರೆ. ವಿಸ್ಕಿ, ವೈನ್, ಕೂಲ್ ಡ್ರಿಂಕ್ಸ್ ನಾವೇ ತಗೊಂಡು ಹೋಗಬಹುದಾ? ಅಮ್ಮನಿಗೆ ಎದ್ದ ಕೂಡಲೇ ಫಿಲ್ಟರ್ ಕಾಫಿ ಆಗಲೇಬೇಕು. ಅದಕ್ಕೇನು ಮಾಡೋದು?

ಉತ್ತರ: ವಿಸ್ಕಿ ಬೇಡ. ವೈನ್ ತಲೆಗೊಂದು ಬಾಟಲಿ. ಕೂಲ್ ಡ್ರಿಂಕ್ಸ್‌ಗೆ ಮಿತಿ ಇದೆ. ಕಾಫಿಪುಡಿ ಧಾರಾಳವಾಗಿ ಒಯ್ಯಿರಿ, ಕೆಟಲ್ ಮಾತ್ರ ಮನೆಯಲ್ಲೇ ಇರಲಿ.

ಕ್ರೂಸ್ ಕಂಪನಿಗಳು ಟಿಕೆಟ್ ದರ ಇಳಿಸಿ, ಆ ಕೊರತೆಯನ್ನು ಬಾರ್ ಮತ್ತು ಕ್ಯಾಸಿನೋದಲ್ಲಿ ತುಂಬಿಕೊಳ್ಳುತ್ತವೆ. ಹಾಗಾಗಿ ಹೊರಗಿನ ಮದ್ಯದ ಮೇಲೆ ಕಣ್ಣು ಬಿಗಿ. ಸಿಂಗಪುರದಿಂದಲೂ ಹಡಗು ಓಡಿಸುವ ರಾಯಲ್ ಕೆರಿಬಿಯನ್‌ನಲ್ಲಿ ಹತ್ತುವ ದಿನ ಮಾತ್ರ, ಕುಡಿಯುವ ವಯಸ್ಸಾದ ಒಬ್ಬೊಬ್ಬರಿಗೆ 750 ಮಿ.ಲೀ.ನ ಒಂದು ವೈನ್ ಬಾಟಲಿಗೆ ಅವಕಾಶ. ಏಷ್ಯಾದಿಂದ ಹೊರಡುವ ಯಾನಗಳಲ್ಲಿ ಆ ವಯಸ್ಸು 18. ಬಿಯರ್, ರಮ್, ವಿಸ್ಕಿಗೆ ಜಾಗವಿಲ್ಲ. ಮುಂಬೈಯಿಂದ ಹೊರಡುವ ಕಾರ್ಡೀಲಿಯಾದಲ್ಲಂತೂ ಹೊರಗಿನ ಮದ್ಯವನ್ನು ಒಳಕ್ಕೇ ಬಿಡುವುದಿಲ್ಲ.

ವೈನ್ ಒಯ್ಯುವುದಾದರೆ ಎರಡು ಹಂತ ನೆನಪಿಡಿ. ವಿಮಾನದಲ್ಲಿ ಅದು ಚೆಕ್-ಇನ್ ಸೂಟ್‌ಕೇಸ್‌ನಲ್ಲಿರಬೇಕು, ಕೈಚೀಲದಲ್ಲಿ 100 ಮಿ.ಲೀ. ಮೀರಿದ ದ್ರವ ಬಿಡುವುದಿಲ್ಲ. ಹಡಗು ಹತ್ತುವಾಗ ಇದು ತಿರುಗುಮುರುಗು: ಬಾಟಲಿ ನಿಮ್ಮ ಕೈಚೀಲಕ್ಕೆ ಬರಬೇಕು. ಬಂದರಿನಲ್ಲಿ ಪೋರ್ಟರ್‌ಗೆ ಕೊಟ್ಟ ಸೂಟ್‌ಕೇಸ್‌ಗಳೆಲ್ಲ ಎಕ್ಸ್-ರೇಗೆ ಹೋಗುತ್ತವೆ. ಬಾಟಲಿ ಕಂಡ ಪೆಟ್ಟಿಗೆಯನ್ನು ಪಕ್ಕಕ್ಕಿಡುತ್ತಾರೆ, ರಾತ್ರಿ ಊಟಕ್ಕೆ ಬಟ್ಟೆ ಬದಲಿಸಲೂ ಪೆಟ್ಟಿಗೆ ಸಿಗದೆ ಒದ್ದಾಡಬೇಕಾಗುತ್ತದೆ. ಸೀಲ್ ಒಡೆದ ಬಾಟಲಿ ನಡೆಯುವುದಿಲ್ಲ. ತಿರುಗಿಸಿ ತೆಗೆಯುವ ಮುಚ್ಚಳದ್ದನ್ನೇ ಕೊಂಡರೆ ಕಾರ್ಕ್ ಕೀಳುವ ರಗಳೆ ಇಲ್ಲ. ರೂಮಿನಲ್ಲೇ ಕುಡಿದರೆ ಖರ್ಚಿಲ್ಲ; ಊಟದ ಹಾಲ್‌ಗೆ ಒಯ್ದರೆ ಬಾಟಲಿ ತೆರೆಯುವ ಶುಲ್ಕ ಹಾಕುವ ಕಂಪನಿಗಳಿವೆ, ಸಾಮಾನ್ಯವಾಗಿ 15 ಡಾಲರ್ ಆಸುಪಾಸು. ನಾಲ್ಕು ಬಾಟಲಿ ಎಂದರೆ 150 ಮಿ.ಲೀ.ನ 20 ಗ್ಲಾಸು. ನಾಲ್ಕು ರಾತ್ರಿಗೆ ಇನ್ನೆಷ್ಟು ಬೇಕು?

ವಿಸ್ಕಿಯನ್ನು ನೀರಿನ ಬಾಟಲಿಗೋ ಮೌತ್‌ವಾಶ್ ಬಾಟಲಿಗೋ ತುಂಬುವ ಉಪಾಯ ಹಡಗಿನ ಸೆಕ್ಯೂರಿಟಿಯವರಿಗೆ ಹಳೆಯದು. ಮುಚ್ಚಳ ತೆಗೆದು ಮೂಸುತ್ತಾರೆ, ಚೆಲ್ಲುತ್ತಾರೆ. ಹಡಗಿನಿಂದ ಇಳಿಸುವ ಅಧಿಕಾರವೂ ಅವರಿಗಿದೆ.

ಕೂಲ್ ಡ್ರಿಂಕ್ಸ್ ವಿಷಯದಲ್ಲಿ ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ರಾಯಲ್ ಕೆರಿಬಿಯನ್‌ನಲ್ಲಿ ರೂಮಿಗೆ 12, ಒಂದೊಂದೂ ಅರ್ಧ ಲೀಟರ್ ಆಸುಪಾಸಿನದು. ಕಾರ್ನಿವಲ್‌ನಲ್ಲಿ ತಲೆಗೆ 12, ಆದರೆ ಕ್ಯಾನ್ ಅಥವಾ ಟೆಟ್ರಾ ಪ್ಯಾಕ್ ಮಾತ್ರ, ಬಾಟಲಿ ಇಲ್ಲ. ಇಷ್ಟು ಭಾರವನ್ನು ಬೆಂಗಳೂರಿನಿಂದ ವಿಮಾನದಲ್ಲಿ ಹೊರುವುದು ದಂಡ. ಬೇಕೇಬೇಕೆಂದರೆ ಸಿಂಗಪುರದ ಅಂಗಡಿಯಲ್ಲಿ ಕೊಳ್ಳಿ. ಹಡಗಿನ ಬಫೆಯಲ್ಲಿ ನೀರು, ಚಹಾ, ಸಾದಾ ಕಾಫಿ ಪುಕ್ಕಟೆ. ಸಮುದ್ರದ ನೀರನ್ನು ಶುದ್ಧೀಕರಿಸಿದ್ದಾದರೂ ಉಪ್ಪಿನ ರುಚಿ ಇರುವುದಿಲ್ಲ. ಖಾಲಿ ಬಾಟಲಿ ಒಯ್ದು ತುಂಬಿಕೊಳ್ಳಿ.

ಇನ್ನು ಅಮ್ಮನ ಕಾಫಿ. ಅಂಗಡಿಯಲ್ಲಿ ಬಿಸಿಬಿಸಿ ಪುಡಿ ಮಾಡಿಸಿ ಕಾಗದದ ಕವರ್ ಮಡಚಿಕೊಂಡು ಬಂದರೆ ಸಾಲದು. ಬಹುಪಾಲು ಹಡಗುಗಳು ಕಂಪನಿ ಸೀಲ್ ಇರುವ ಪೊಟ್ಟಣವನ್ನೇ ಒಪ್ಪುವುದು. ಹೆಸರು, ಚಿಕೋರಿ ಪ್ರಮಾಣ ಅಚ್ಚಾಗಿರುವ 200 ಗ್ರಾಂ ಪ್ಯಾಕೆಟ್ ಸಾಕು. ಎರಡು ಭಾಗದ ಸ್ಟೀಲ್ ಫಿಲ್ಟರ್ ಒಯ್ಯಲು ತೊಂದರೆಯಿಲ್ಲ. ತೊಂದರೆ ಇರುವುದು ನೀರು ಕಾಯಿಸುವುದರಲ್ಲಿ. ಕೆಟಲ್, ಇಮ್ಮರ್ಷನ್ ಕಾಯಿಲ್, ಇಸ್ತ್ರಿ ಪೆಟ್ಟಿಗೆ, ಹೀಗೆ ಕಾವು ಹುಟ್ಟಿಸುವ ಯಾವುದನ್ನೂ ರೂಮಿಗೆ ಬಿಡುವುದಿಲ್ಲ. ನಡುನೀರಿನಲ್ಲಿ ಬೆಂಕಿ ಹತ್ತಿದರೆ ಓಡಲು ಜಾಗವಿಲ್ಲವಲ್ಲ.

ಹಾಗಾಗಿ ಬಫೆಯ ಬಿಸಿನೀರಿನ ನಲ್ಲಿಯೇ ಗತಿ. ಅದರ ನೀರು ಮನೆಯಲ್ಲಿ ಕುದಿಸಿದಷ್ಟು ಬಿಸಿ ಇರುವುದಿಲ್ಲ, ಡಿಕಾಕ್ಷನ್ ತೆಳ್ಳಗೆ ಇಳಿಯುತ್ತದೆ. ಮೊದಲು ಖಾಲಿ ಫಿಲ್ಟರ್‌ಗೆ ಬಿಸಿನೀರು ಹಾಕಿ ಬೆಚ್ಚಗೆ ಮಾಡಿ ಚೆಲ್ಲಿ. ಮನೆಯಲ್ಲಿ ಎರಡು ಚಮಚ ಹಾಕುವ ಕಡೆ ಮೂರು ಹಾಕಿ, ತೀರಾ ಒತ್ತಬೇಡಿ, ನೀರು ಸುರಿದು ಕೂಡಲೇ ಮುಚ್ಚಿ. ರಾತ್ರಿ ಊಟ ಮುಗಿಸಿ ಏಳುವಾಗ ನೀರು ಹಿಡಿದು ಡಿಕಾಕ್ಷನ್ ಇಳಿಸಿ, ರೂಮಿನ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಕಾಯುವ ಕೆಲಸವಿಲ್ಲ. ಹಾಲಿನದೂ ಒಂದು ಪೇಚಾಟ: ಬಫೆಯಲ್ಲಿ ಕಾರ್ನ್‌ಫ್ಲೇಕ್ಸ್ ಪಕ್ಕ ಇಡುವುದು ತಣ್ಣನೆ ಹಾಲು. ಅದನ್ನು ಬೆರೆಸಿದರೆ ಕಾಫಿ ಉಗುರುಬೆಚ್ಚಗೂ ಉಳಿಯದು. ಕೆಫೆ ಕೌಂಟರ್‌ನಲ್ಲಿ ಬಿಸಿ ಹಾಲು ಕೇಳಿ, ಹಬೆಯಲ್ಲಿ ಕಾಯಿಸಿ ಕೊಡುತ್ತಾರೆ.

ಕಾಫಿಯಷ್ಟೇ ಏಕೆ, ಪುಡಿಯ ರೂಪದಲ್ಲಿ ಒಯ್ಯುವುದೆಲ್ಲ ಲಾಭವೇ. ಮಂಡ್ಯದ ಬೆಲ್ಲದ ಪುಡಿ, ಏಲಕ್ಕಿ, ಶುಂಠಿ ಪುಡಿ ಸೀಲ್ ಆದ ಪ್ಯಾಕೆಟ್‌ನಲ್ಲಿದ್ದರೆ, ಬಫೆಯ ನಿಂಬೆಹೋಳು ಹಿಂಡಿ ಪಾನಕ ಮಾಡಿಕೊಳ್ಳಬಹುದು. ಸಕ್ಕರೆ ಹಾಕದ ಯೋಗರ್ಟ್‌ಗೆ ನೀರು, ಉಪ್ಪು, ಚಿಟಿಕೆ ಇಂಗು ಬಿದ್ದರೆ ಮಜ್ಜಿಗೆ. ಹುರಿಹಿಟ್ಟನ್ನು ಮಾತ್ರ ಹೆಸರಿಲ್ಲದ ಬಿಳಿ ಕವರ್‌ನಲ್ಲಿ ಕಟ್ಟಬೇಡಿ, ವಿಮಾನ ನಿಲ್ದಾಣದಲ್ಲಿ ವಿವರಣೆ ಕೊಡುತ್ತಾ ನಿಲ್ಲಬೇಕಾದೀತು.

ಇದನ್ನು ಗಟ್ಟಿಯಾಗಿ ಹೇಳಬೇಕು: ಗಸಗಸೆ ಪಾಯಸದ ಮಿಕ್ಸ್ ಆಗಲಿ, ಬಿಡಿ ಗಸಗಸೆ ಆಗಲಿ ಸಾಮಾನಿನಲ್ಲಿ ಇರಲೇಬಾರದು. ಗಸಗಸೆಯಲ್ಲಿ ಮಾರ್ಫಿನ್ ಅಂಶ ಉಳಿದಿರಬಹುದೆಂದು ಸಿಂಗಪುರ ಅದನ್ನು ನಿಷೇಧಿತ ವಸ್ತುಗಳ ಸಾಲಿಗೆ ಸೇರಿಸಿದೆ. ದುಬೈಯಿಂದ ಕ್ರೂಸ್ ಹತ್ತುವವರಿಗೂ ಇದೇ ಮಾತು.

ನಡುವಿನ ಬಂದರಿನಲ್ಲಿ ಕೊಂಡ ಮದ್ಯವನ್ನು ಹಡಗಿನವರು ತೆಗೆದಿಟ್ಟುಕೊಂಡು ಕೊನೆಗೆ ರೂಮಿಗೆ ತಲುಪಿಸುತ್ತಾರೆ. ಅದೇ ರಾತ್ರಿ ದೊಡ್ಡ ಸೂಟ್‌ಕೇಸ್‌ಗಳನ್ನು ಬಾಗಿಲ ಹೊರಗಿಡಲು ಹೇಳಿರುತ್ತಾರೆ. ಬಾಟಲಿ ತಡವಾಗಿ ಬಂದರೆ ಕೈಚೀಲದಲ್ಲಿ ಅದಕ್ಕೆ ಜಾಗ ಇಟ್ಟುಕೊಂಡಿರಿ, ವಿಮಾನಕ್ಕೆ ಚೆಕ್-ಇನ್ ಮಾಡುವ ಮುಂಚೆ ಮತ್ತೆ ಸೂಟ್‌ಕೇಸ್‌ಗೆ ಸೇರಿಸಿ. ಬೆಂಗಳೂರಿಗೆ ಬಂದಿಳಿಯುವಾಗ ತಲೆಗೆ 2 ಲೀಟರ್‌ವರೆಗೆ ಸುಂಕವಿಲ್ಲ.