ಕರ್ನಲ್‌ಗೊಂದು ತೇಪೆ ಹಾಕುವ ಮುನ್ನ

ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಕಳಿಸುವ ತಿದ್ದುಪಡಿಗೆ ಪ್ಯಾಚ್ ಎನ್ನುತ್ತಾರೆ. ಅಂದರೆ ತೇಪೆ. ಬಟ್ಟೆ ಎಲ್ಲಿ ಹರಿದಿದೆ, ಯಾಕೆ ಹರಿಯಿತು ಅಂತ ಹೇಳದೆ ಕೊಟ್ಟ ತೇಪೆಯನ್ನು ಯಾರೂ ಹೊಲಿದುಕೊಳ್ಳುವುದಿಲ್ಲ. ಹೊಸಬರ ಪ್ಯಾಚ್‌ಗಳು ವಾಪಸ್ ಬರುವುದು ಕೋಡ್ ತಪ್ಪಾಗಿದೆ ಅಂತಲೇ ಅಲ್ಲ. ಎಷ್ಟೋ ಸಲ ಓದುವವರಿಗೆ ಅದರ ತಲೆಬುಡ ತಿಳಿಯದೆ.

ಒಂದು ಟಚ್‌ಸ್ಕ್ರೀನ್ ಡ್ರೈವರ್, ಅಂದರೆ ಆ ಪರದೆಯನ್ನು ನಡೆಸುವ ಕೋಡ್, ತೆಗೆದುಕೊಳ್ಳಿ. ಸಾಧನ ಸಿಕ್ಕಾಗ ಓಡುವ ಅದರ ಪ್ರೋಬ್ ಫಂಕ್ಷನ್ ಮೊದಲು ಮೆಮೊರಿ ಕೊಡುವ ಕೆಮ್ಯಾಲಕ್‌ನಿಂದ ಬಫರ್ (ಒಂದು ತುಂಡು ಮೆಮೊರಿ) ಪಡೆಯುತ್ತದೆ, ಆಮೇಲೆ ಇಂಟರಪ್ಟ್ (ಸಾಧನ ಪ್ರೊಸೆಸರನ್ನು ಕರೆಯುವ ಸಂಕೇತ) ಕೇಳುತ್ತದೆ. ಇಂಟರಪ್ಟ್ ಸಿಗದಿದ್ದರೆ ನೇರ ರಿಟರ್ನ್. ಪಡೆದ ಬಫರ್ ಅನಾಥ. ಕರ್ನಲ್‌ನಲ್ಲಿ ಹೀಗೆ ಸೋರಿದ ಮೆಮೊರಿ ಯಂತ್ರ ರೀಬೂಟ್ ಆಗುವವರೆಗೆ ವಾಪಸ್ ಬರುವುದಿಲ್ಲ. ಪರಿಹಾರ ಎರಡು ಮೂರು ಸಾಲು: ರಿಟರ್ನ್ ಬದಲು ಗೋಟು (ಬೇರೆ ಸಾಲಿಗೆ ಜಿಗಿಸುವ ಆಜ್ಞೆ) ಹಾಕಿ, ಕೊನೆಯಲ್ಲಿ ಮೆಮೊರಿ ಹಿಂದಿರುಗಿಸುವ ಕೆಫ್ರೀಯನ್ನು ಕರೆಯುವ ಲೇಬಲ್‌ಗೆ ಕಳಿಸುವುದು.

ಅದೇ ಫೈಲಿನಲ್ಲಿ ಕಾಮೆಂಟಿನ ಕಾಗುಣಿತ ತಪ್ಪಿರುತ್ತದೆ, ಒಂದು ಸಾಲು ವಾರೆಯಾಗಿರುತ್ತದೆ. ಕೈ ತುರಿಸುತ್ತದೆ. ಮುಟ್ಟಬೇಡಿ, ಅದು ಬೇರೆ ಪ್ಯಾಚ್. ಸೋರಿಕೆಯ ಪರಿಹಾರ ಹಳೆಯ ಸ್ಥಿರ ಆವೃತ್ತಿಗಳಿಗೂ ಹೋಗಬೇಕಾಗುತ್ತದೆ. ಕಾಗುಣಿತ ಜೊತೆಗೆ ಅಂಟಿಕೊಂಡಿದ್ದರೆ ಅಲ್ಲಿ ಪ್ಯಾಚ್ ಕೂರದೇ ಹೋಗಬಹುದು.

ಪ್ಯಾಚ್‌ಗಳನ್ನು ಬೇರೆ ಬೇರೆಯಾಗಿ ಇಡಲು ಇನ್ನೊಂದು ಕಾರಣ ಬೈಸೆಕ್ಟ್. ಎರಡು ಬಿಡುಗಡೆಗಳ ನಡುವೆ ಕರ್ನಲ್‌ಗೆ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆ ಸೇರುತ್ತವೆ. ಯಾವುದರಿಂದ ಕೆಟ್ಟಿತು ಅಂತ ಹುಡುಕಲು, ಬದಲಾವಣೆಗಳ ಲೆಕ್ಕವಿಡುವ ಗಿಟ್ ತಂತ್ರಾಂಶ ಪ್ರತಿ ಸಲ ಅರ್ಧಕ್ಕೆ ಕತ್ತರಿಸುತ್ತ ಹೋಗುತ್ತದೆ. ಸುಮಾರು 14 ಪರೀಕ್ಷೆಗಳಲ್ಲಿ ಕಳ್ಳ ಸಿಗುತ್ತಾನೆ. ಆದರೆ ಐದು ಪ್ಯಾಚ್‌ಗಳ ಸರಣಿಯಲ್ಲಿ ಮೂರನೆಯದು ಕಂಪೈಲ್ ಆಗದೆ ಐದನೆಯದರಲ್ಲಿ ಸರಿಯಾದರೆ, ಹುಡುಕುವವರು ಮೂರನೆಯದರಲ್ಲಿ ಮುಗ್ಗರಿಸುತ್ತಾರೆ. ಹಾಗಾಗಿ ಸರಣಿಯ ಪ್ರತಿ ಪ್ಯಾಚ್ ಹಾಕಿದ ಮೇಲೂ ಕರ್ನಲ್ ಕಂಪೈಲ್ ಆಗಬೇಕು, ಓಡಬೇಕು.

ಗಿಟ್‌ನಲ್ಲಿ ದಾಖಲಾಗುವ ಒಂದೊಂದು ಬದಲಾವಣೆಗೆ ಕಮಿಟ್ ಎನ್ನುತ್ತಾರೆ. ಅದರ ಸಂದೇಶದ ಶೀರ್ಷಿಕೆ 75 ಅಕ್ಷರ ಮೀರದಿರಲಿ, ಆಜ್ಞೆಯ ಧಾಟಿಯಲ್ಲಿರಲಿ. ಬರೆಯುವುದು ಇಂಗ್ಲಿಷಿನಲ್ಲೇ, ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಇನ್‌ಪುಟ್: ಪ್ರೋಬ್ ಸೋತಾಗ ಬಫರ್ ಬಿಡುಗಡೆ ಮಾಡು’. ‘ಮಾಡಲಾಗಿದೆ’ ಅಲ್ಲ, ‘ಮಾಡು’. ಕೆಳಗೆ ಕಾರಣ: ಯಾವ ದಾರಿಯಲ್ಲಿ ಸೋರುತ್ತದೆ, ಬಳಕೆದಾರರಿಗೆ ಏನು ಕಾಣಿಸುತ್ತದೆ. ‘ಕೆಫ್ರೀ ಸೇರಿಸಿದೆ’ ಅಂತ ಬರೆಯುವುದು ದಂಡ, ಅದು ಕೋಡಿನಲ್ಲೇ ಕಾಣುತ್ತದೆ. ತಪ್ಪು ನುಸುಳಿದ ಹಳೆಯ ಕಮಿಟ್ ಗೊತ್ತಿದ್ದರೆ ಅದರ ಹ್ಯಾಶ್‌ನ (ಗಿಟ್ ಕೊಡುವ ಗುರುತಿನ) ಮೊದಲ 12 ಅಕ್ಷರಗಳನ್ನೂ ಶೀರ್ಷಿಕೆಯನ್ನೂ ‘ಫಿಕ್ಸಸ್’ ಸಾಲಿನಲ್ಲಿ ಕೊಡಬೇಕು.

ಕೊನೆಗೆ ‘ಸೈನ್ಡ್-ಆಫ್-ಬೈ’ ಸಾಲು. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ ಇದು. 2003ರಲ್ಲಿ ಎಸ್‌ಸಿಒ ಕಂಪನಿ ಲಿನಕ್ಸ್‌ನಲ್ಲಿ ತನ್ನ ಕೋಡ್ ಇದೆ ಎಂದು ಐಬಿಎಂ ಮೇಲೆ ದಾವೆ ಹೂಡಿದ ಮೇಲೆ, 2004ರಲ್ಲಿ ಈ ಪದ್ಧತಿ ಬಂತು. ಅನಾಮಧೇಯರಿಗೆ ಇಲ್ಲಿ ಜಾಗವಿಲ್ಲ.

ಕಳಿಸುವ ಮುಂಚೆ ಕರ್ನಲ್ ಜೊತೆಗೇ ಬರುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸಿ. ಟ್ಯಾಬ್, ಸಾಲಿನ ಉದ್ದ, ಮರೆತ ಸಹಿ ಎಲ್ಲ ಹಿಡಿಯುತ್ತದೆ. ಅದು ಹೇಳಿದ್ದೆಲ್ಲ ವೇದವಾಕ್ಯವಲ್ಲ. ಸಾಲು ಮುರಿದರೆ ಓದಲು ಕಷ್ಟವಾಗುವಂತಿದ್ದರೆ ಎಚ್ಚರಿಕೆಯನ್ನು ಬದಿಗಿಡಬಹುದು. ಯಾರಿಗೆ ಕಳಿಸಬೇಕು ಅನ್ನುವುದನ್ನು ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ.

ಹೆಚ್ಚು ಜನ ಎಡವುವುದು ಇಮೇಲ್‌ನಲ್ಲಿ. ಕರ್ನಲ್ ಕೋಡಿನ ಇಂಡೆಂಟ್ ಟ್ಯಾಬ್‌ನದು, ಒಂದು ಟ್ಯಾಬ್ ಎಂಟು ಅಕ್ಷರದಗಲ. ಪ್ಯಾಚನ್ನು ಕಾಪಿ ಮಾಡಿ ಬ್ರೌಸರ್‌ನ ಮೇಲ್ ಪೆಟ್ಟಿಗೆಗೆ ಅಂಟಿಸಿದರೆ ಟ್ಯಾಬ್ ಹೋಗಿ ಸ್ಪೇಸ್ ಬರುತ್ತದೆ, ಉದ್ದ ಸಾಲು ಮುರಿಯುತ್ತದೆ. ಬದಲಾದ ಸಾಲುಗಳ ಮೇಲೆ ಕೆಳಗೆ ಗುರುತಿಗಾಗಿ ಮೂರು ಮೂರು ಸಾಲು ಇರುತ್ತವಲ್ಲ, ಅವು ಮೂಲ ಫೈಲಿಗೆ ತಾಳೆಯಾಗದೆ ಪ್ಯಾಚ್ ಕೂರುವುದೇ ಇಲ್ಲ. ಗಿಟ್ ಫಾರ್ಮ್ಯಾಟ್-ಪ್ಯಾಚ್‌ನಿಂದ ಫೈಲ್ ಮಾಡಿ, ಗಿಟ್ ಸೆಂಡ್-ಇಮೇಲ್‌ನಿಂದ ಮೊದಲು ನಿಮಗೇ ಕಳಿಸಿಕೊಳ್ಳಿ. ಬಂದದ್ದನ್ನು ಗಿಟ್ ಎಎಂ ಮೂಲಕ ನಿಮ್ಮ ತಿದ್ದುಪಡಿ ಇಲ್ಲದ ಬ್ರಾಂಚ್‌ಗೆ (ಕೋಡಿನ ಬೇರೆ ಪ್ರತಿಗೆ) ಹಾಕಿ ನೋಡಿ. ಕೂತರೆ ಆ ಭಾಗವನ್ನು ನೋಡಿಕೊಳ್ಳುವ ನಿರ್ವಾಹಕರಿಗೆ ಕಳಿಸಿ.

ಉತ್ತರ ಬರದಿದ್ದರೆ ಕನಿಷ್ಠ ಒಂದು ವಾರ ಸುಮ್ಮನಿರಿ. ಹೊಸ ಆವೃತ್ತಿ ಹೊರಬಂದ ನಂತರದ ಎರಡು ವಾರ ವಿಲೀನದ ಗಡಿಬಿಡಿ, ಆಗ ಇನ್ನೂ ತಡವಾಗುತ್ತದೆ. ತಿದ್ದಿ ಅಂದರೆ ‘ವಿ2’ ಗುರುತಿನೊಂದಿಗೆ ಮತ್ತೆ ಕಳಿಸಿ. ಏನು ಬದಲಾಯಿತು ಎಂಬುದನ್ನು ಸಂದೇಶದ ಕೆಳಗಿನ ಮೂರು ಅಡ್ಡಗೆರೆಗಳ ಆಚೆ ಬರೆಯಿರಿ. ಓದುವವರಿಗೆ ಅದು ಕಾಣುತ್ತದೆ, ಕಮಿಟ್ ಚರಿತ್ರೆಗೆ ಮಾತ್ರ ಸೇರುವುದಿಲ್ಲ.