128ರ ಎಂಪಿ3ಯನ್ನು 320ಕ್ಕೆ ಏರಿಸಿದರೆ ಧ್ವನಿ ಸುಧಾರಿಸುತ್ತದೆಯೇ?

ಪ್ರಶ್ನೆ: ನನ್ನಲ್ಲಿರುವ ಹಳೆಯ ಹಾಡುಗಳೆಲ್ಲ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3. ಕನ್ವರ್ಟರಿನಲ್ಲಿ ಅವನ್ನು 320ಕ್ಕೋ ಫ್ಲ್ಯಾಕ್‌ಗೋ (ಧ್ವನಿಯಲ್ಲಿ ಏನನ್ನೂ ಎಸೆಯದೆ ಕುಗ್ಗಿಸುವ ಫೈಲ್ ಬಗೆ) ಬದಲಾಯಿಸಿದರೆ ಗುಣಮಟ್ಟ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಫೈಲು ದಪ್ಪಗಾಗುತ್ತದೆ, ಅಷ್ಟೆ. 320ರ ಎಂಪಿ3 ಮಾಡಿದರಂತೂ ಧ್ವನಿ ಕೂದಲೆಳೆಯಷ್ಟು ಕೆಡಲೂಬಹುದು.

ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಧ್ವನಿಯ ಅಳತೆ ದಾಖಲಾಗಿರುತ್ತದೆ. ಒಂದೊಂದು ಅಳತೆಗೂ 16 ಬಿಟ್, ಎಡ ಬಲ ಎರಡು ಚಾನೆಲ್. ಗುಣಿಸಿದರೆ ಸುಮಾರು 1,411 ಕೆಬಿಪಿಎಸ್. ನಾಲ್ಕು ನಿಮಿಷದ ಹಾಡಿಗೆ 42 ಎಂಬಿ. ಅದೇ ಹಾಡು 128ರ ಎಂಪಿ3ಯಲ್ಲಿ 3.8 ಎಂಬಿ. ಈ ಇಳಿತದಲ್ಲಿ ಸ್ವಲ್ಪ ಪಾಲು ಬಿಟ್‌ಗಳನ್ನು ಜಾಣತನದಿಂದ ಜೋಡಿಸಿ ಉಳಿಸಿದ್ದು. ಮಿಕ್ಕಿದ್ದನ್ನು ಎಂಪಿ3 ತಯಾರಿಸುವ ತಂತ್ರಾಂಶವಾದ ಎನ್‌ಕೋಡರ್ ಎಸೆದಿರುತ್ತದೆ. ಜೋರಾದ ಸ್ವರ ಕೇಳುತ್ತಿರುವಾಗ ಅದರ ಅಕ್ಕಪಕ್ಕದ ಆವರ್ತನದ ಮೆಲುದನಿ ಕಿವಿಗೆ ಬೀಳುವುದಿಲ್ಲ. ಅಂಥ ಕಡೆಯಲ್ಲೆಲ್ಲ ಅದು ಅಳತೆಯನ್ನು ಒರಟಾಗಿ ಬರೆದು, ಹುಟ್ಟಿದ ಗೊರಗೊರವನ್ನು ಜೋರು ಸ್ವರದ ಮರೆಯಲ್ಲಿ ಅಡಗಿಸುತ್ತದೆ. 128ರಲ್ಲಿ ಸಾಮಾನ್ಯವಾಗಿ 16–17 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನೂ ಕತ್ತರಿಸುತ್ತದೆ. ಹೀಗೆ ಹೋದದ್ದನ್ನು ಯಾವ ಕನ್ವರ್ಟರೂ ಮರಳಿ ತಾರದು.

320ಕ್ಕೆ ಬದಲಾಯಿಸುವಾಗ ಎರಡನೆಯ ಎನ್‌ಕೋಡರಿಗೆ ಈ ಗೊರಗೊರವೂ ಹಾಡಿನ ಭಾಗವೇ. ಅದಕ್ಕೂ ಬಿಟ್ ಖರ್ಚು ಮಾಡಿ, ತನ್ನದೂ ಒಂದಿಷ್ಟು ಸೇರಿಸಿ, 9.6 ಎಂಬಿಯ ಫೈಲು ಕೊಡುತ್ತದೆ. ಫ್ಲ್ಯಾಕ್ ಹೊಸದಾಗಿ ಏನನ್ನೂ ಕೆಡಿಸದು, ಆದರೆ ಕೆಟ್ಟದ್ದನ್ನೇ ಕಾಪಾಡಲು ಹಲವು ಪಟ್ಟು ಜಾಗ ನುಂಗುತ್ತದೆ.

ಹೀಗೆ ಉಬ್ಬಿಸಿದ ‘320’ ಫೈಲುಗಳು ಬೇಕಾದಷ್ಟಿವೆ. ಆಡಾಸಿಟಿ ಎಂಬ ಧ್ವನಿ ಎಡಿಟರಿನಲ್ಲಿ ಫೈಲು ತೆರೆದು ಸ್ಪೆಕ್ಟ್ರೋಗ್ರಾಮ್ (ಆವರ್ತನಗಳ ಚಿತ್ರ) ನೋಟಕ್ಕೆ ಬದಲಿಸಿ. ಅಸಲಿ 320ರಲ್ಲಿ ಚಿತ್ರ ಸುಮಾರು 20 ಕಿಲೋಹರ್ಟ್ಸ್‌ವರೆಗೆ ಏರುತ್ತದೆ. 16ರ ಆಸುಪಾಸಿನಲ್ಲಿ ಚಾಕುವಿನಿಂದ ಕೊಯ್ದಂತೆ ನಿಂತಿದ್ದರೆ ಅನುಮಾನಿಸಿ. ಹಳೆಯ ಟೇಪಿನ ಧ್ವನಿಮುದ್ರಣಗಳಲ್ಲಿ ಮೇಲಿನ ಆವರ್ತನಗಳು ಮೊದಲೇ ಇಲ್ಲದಿರಬಹುದು. ಆಗ ಚಿತ್ರ ಕೊಯ್ದಂತಿರದೆ ಮೆಲ್ಲಗೆ ಮಸುಕಾಗುತ್ತದೆ.

ಹಾಗಾದರೆ ದಾರಿ? ಮೂಲ ಸಿ.ಡಿ. ಸಿಕ್ಕರೆ ಫ್ಲ್ಯಾಕ್‌ಗೆ ಇಳಿಸಿಕೊಂಡು ಅದನ್ನೇ ಮೂಲಪ್ರತಿಯಾಗಿ ಇಡಿ. ಫ್ಲ್ಯಾಕ್‌ನ 0ಯಿಂದ 8ರವರೆಗಿನ ಕುಗ್ಗಿಸುವ ಹಂತಗಳಿಗೂ ಧ್ವನಿಗೂ ಸಂಬಂಧವಿಲ್ಲ. ಬದಲಾಗುವುದು ಫೈಲಿನ ಗಾತ್ರ ಮತ್ತು ಎನ್‌ಕೋಡಿಂಗ್ ಸಮಯ ಮಾತ್ರ. ಮೊಬೈಲಿಗೆ ಬೇಕಾದ ಪ್ರತಿಯನ್ನು ಪ್ರತಿ ಸಲವೂ ಇದರಿಂದಲೇ ಮಾಡಿ. ಎಂಪಿ3 ಬೇಕಿದ್ದರೆ ಲೇಮ್ ಎನ್‌ಕೋಡರಿನ ವಿ2 ಸೆಟ್ಟಿಂಗ್ ಸಾಕು: ಕ್ಲಿಷ್ಟ ಭಾಗಕ್ಕೆ ಹೆಚ್ಚು, ಸರಳ ಭಾಗಕ್ಕೆ ಕಡಿಮೆ ಬಿಟ್ ಕೊಟ್ಟು ಸರಾಸರಿ 190ರ ಸುಮಾರಿನಲ್ಲಿ ನಿಲ್ಲುತ್ತದೆ. ಹೊಸ ಫೋನಾದರೆ 128ರ ಓಪಸ್ (ಎಂಪಿ3ಗಿಂತ ಹೊಸ ಫೈಲ್ ಬಗೆ) ಇನ್ನೂ ಒಳ್ಳೆಯ ಆಯ್ಕೆ. ಬರೀ ಮಾತಿನ ಧ್ವನಿಮುದ್ರಣಕ್ಕೆ 32 ಕೆಬಿಪಿಎಸ್ ಮೋನೋ ಓಪಸ್ ಧಾರಾಳ. ಒಂದು ಗಂಟೆಗೆ ಸುಮಾರು 14 ಎಂಬಿ.

ವ್ಯತ್ಯಾಸ ನಿಜಕ್ಕೂ ಕೇಳಿಸುತ್ತದೆಯೇ ಎಂದರೆ, ಚಪ್ಪಾಳೆ, ಕಂಚಿನ ತಾಳ ಇಂಥ ಚುರುಕು ಪೆಟ್ಟುಗಳಲ್ಲಿ ಕಿವಿಯಿಟ್ಟು ನೋಡಿ. ಎಂಪಿ3 ಧ್ವನಿಯನ್ನು ತುಂಡುಗಳಾಗಿ ಕತ್ತರಿಸಿ ಬರೆಯುವುದರಿಂದ, ಪೆಟ್ಟಿನ ಗೊರಗೊರ ಆ ತುಂಡಿನಲ್ಲೆಲ್ಲ ಹರಡಿ ಪೆಟ್ಟಿಗಿಂತ ಮೊದಲೇ ‘ಚುಸ್’ ಎನ್ನುತ್ತದೆ. ಹೋಲಿಸುವಾಗ ಎರಡರ ವಾಲ್ಯೂಮ್ ಒಂದೇ ಇರಲಿ, ಕೊಂಚ ಜೋರಾದದ್ದೇ ಚೆನ್ನಾಗಿದೆ ಎನಿಸುವುದು ಕಿವಿಯ ಗುಣ. ಫೂಬಾರ್2000 ಎಂಬ ಪ್ಲೇಯರಿನ ಎಬಿಎಕ್ಸ್ ಪರೀಕ್ಷೆಯಲ್ಲಿ (ಎಕ್ಸ್ ಎಂಬುದು ಎ, ಬಿ ಎರಡರಲ್ಲಿ ಯಾವುದೆಂದು ಗುರುತಿಸುವುದು) ಯಾವುದು ಯಾವುದೆಂದು ನೋಡದೆ 16 ಸಲ ಆಲಿಸಿ; 12 ಸಲವಾದರೂ ಸರಿಯಾಗಿ ಗುರುತಿಸದಿದ್ದರೆ ಅದನ್ನು ಊಹೆಯೆಂದೇ ಎಣಿಸಿ.

ಹಾಡಿನ ತುದಿ ಕತ್ತರಿಸುವಾಗಲೂ ಇದೇ ಎಚ್ಚರ ಬೇಕು. ಸಾಮಾನ್ಯ ಎಡಿಟರುಗಳು ಸೇವ್ ಮಾಡುವಾಗ ಇಡೀ ಎಂಪಿ3ಯನ್ನು ಮತ್ತೆ ಎನ್‌ಕೋಡ್ ಮಾಡುತ್ತವೆ. ಎಂಪಿ3ಡೈರೆಕ್ಟ್‌ಕಟ್‌ನಂಥ ಸಾಧನ ಬಳಸಿದರೆ ಬೇಡದ ತುಂಡು ಮಾತ್ರ ಹೋಗುತ್ತದೆ, ಉಳಿದದ್ದು ಇದ್ದ ಹಾಗೇ ಇರುತ್ತದೆ.